ನಮ್ಮ ಹೊಳೆಯ ಮೀನಿಲ್ಲದ ಮತ್ಸ್ಯಾಲಯ ನಮಗೇಕೆ?



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ದೂರವಾಣಿಯಲ್ಲಿ ಮಾತನಾಡಿದನು. ಈಗ ಬೆಂಗಳೂರಿನಲ್ಲಿ ಒಳ್ಳೆಯ ಸ್ಥಿತಿಯಲ್ಲಿದ್ದಾನೆ. ಹುಟ್ಟಿದ ಜಿಲ್ಲೆಗೆ ಏನಾದರೂ ಮಾಡಬೇಕೆಂಬ ಹಂಬಲವೂ ಉಂಟು. ಸಂತೋಷದ ವಿಷಯವೇ. ಅವನೂ ಅವನ ಗೆಳೆಯರೂ ಸೇರಿ ಚಾಮರಾಜನಗರಕ್ಕೆ ಒಂದು ಮತ್ಸ್ಯಾಲಯ ಬೇಕೆಂದು ಮನವಿಯೊಂದನ್ನು ಸಿದ್ಧಪಡಿಸುತ್ತಿದ್ದಾರಂತೆ. ಗಾಜಿನ ಸುರಂಗ, ತಲೆಯ ಮೇಲೆ ಈಜುವ ಶಾರ್ಕ್, ಬಣ್ಣದ ದೀಪ, ಹೊರಗೆ ತಿಂಡಿಯ ಅಂಗಡಿ. “ಮೇಷ್ಟ್ರೇ, ಮಕ್ಕಳಿಗೆ ಶಿಕ್ಷಣವೂ ಆಗುತ್ತದೆ, ಊರಿಗೆ ಪ್ರವಾಸಿಗರೂ ಬರುತ್ತಾರೆ. ಮನವಿಯ ಮೇಲೆ ಮೊದಲ ಸಹಿ ನಿಮ್ಮದೇ ಆಗಬೇಕು,” ಎಂದನು. ಆಲೋಚಿಸಿ ಹೇಳುತ್ತೇನೆಂದೆ. ಆಲೋಚಿಸಿದ್ದಾಯಿತು. ಅವನೊಬ್ಬನಿಗೆ ಹೇಳಬೇಕಾದುದನ್ನು ನಿಮ್ಮೆಲ್ಲರ ಮುಂದೆಯೇ ಹೇಳುತ್ತಿದ್ದೇನೆ, ಏಕೆಂದರೆ ಇದರಲ್ಲಿ ಅವನ ತಪ್ಪಿಗಿಂತ ನನ್ನ ತಪ್ಪೇ ಹೆಚ್ಚು. ಅದು ಹೇಗೆಂಬುದನ್ನು ಮುಂದೆ ನೋಡುವಿರಿ.

ಮತ್ಸ್ಯಾಲಯಗಳೆಂದರೆ ನನಗೆ ದ್ವೇಷವಿಲ್ಲ. ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ 1983ರಲ್ಲಿ ಸರ್ಕಾರಿ ಮತ್ಸ್ಯಾಲಯ ಆರಂಭವಾದ ಬಳಿಕ ಎರಡು ಬಾರಿ ಶಾಲಾ ಪ್ರವಾಸದಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ವಿಧಾನಸೌಧದ ಎದುರು ಗಲಾಟೆ ಮಾಡುತ್ತಿದ್ದವರು ಆ ಕತ್ತಲ ಕೋಣೆಯಲ್ಲಿ ಗಾಜಿಗೆ ಹಣೆ ಒತ್ತಿ ಮೌನವಾಗಿ ನಿಂತುಬಿಟ್ಟಿದ್ದಿರಿ. ನೀರಿನೊಳಗಿನ ಜೀವವನ್ನು ಕಣ್ಣೆದುರು ಕಂಡ ಮಗುವಿನಲ್ಲಿ ಹುಟ್ಟುವ ಬೆರಗನ್ನು ಯಾವ ಪಠ್ಯಪುಸ್ತಕವೂ ಹುಟ್ಟಿಸಲಾರದು. ಆದ್ದರಿಂದ ಮತ್ಸ್ಯಾಲಯ ಬೇಕೇ ಬೇಡವೇ ಎಂಬುದು ನನ್ನ ಪ್ರಶ್ನೆಯಲ್ಲ. ಆ ಬೆರಗನ್ನು ನಾವು ಯಾವ ನೀರಿನ ಕಡೆಗೆ ತಿರುಗಿಸುತ್ತೇವೆ ಎಂಬುದೇ ಪ್ರಶ್ನೆ.

ಕೆಲವು ವರ್ಷಗಳ ಹಿಂದೆ ಒಂದು ಊರಿನ ವಸ್ತುಪ್ರದರ್ಶನದಲ್ಲಿ ಇಂತಹುದೇ ಸುರಂಗ ಬಂದಿತ್ತು. ಊರಿನ ಹೆಸರು ಬೇಡ. ಮೊಮ್ಮಗಳ ಹಠಕ್ಕೆ ಟಿಕೆಟ್ ಕೊಂಡು ಒಳಗೆ ಹೋದೆವು. ದಕ್ಷಿಣ ಅಮೆರಿಕದ ಅರಪೈಮಾ, ಉತ್ತರ ಅಮೆರಿಕದ ಅಲಿಗೇಟರ್ ಗಾರ್, ಜಪಾನಿನ ಕೋಯಿ, ಚೀನಾದ ಚಿನ್ನದ ಮೀನು. ಫಲಕಗಳಲ್ಲಿ ಇಂಗ್ಲಿಷ್ ಹೆಸರುಗಳಿದ್ದವೇ ಹೊರತು ಆ ಮೀನು ಏನು ತಿನ್ನುತ್ತದೆ, ಎಲ್ಲಿ ಮೊಟ್ಟೆಯಿಡುತ್ತದೆ ಎಂಬ ಒಂದು ಸಾಲೂ ಇರಲಿಲ್ಲ. ಹೊರಬರುವಾಗ ಮಗು ಕೇಳಿದಳು: “ತಾತ, ನಮ್ಮ ಹೊಳೆಯ ಮೀನು ಯಾವುದು?” ನಾನು ಬಾಗಿಲಲ್ಲಿದ್ದ ಯುವಕನ ಮುಖ ನೋಡಿದೆ. ಅವನು ನಗುತ್ತಾ, “ಅದು ಇಲ್ಲಿಲ್ಲ ಪುಟ್ಟಿ, ಮಾರ್ಕೆಟ್ಟಿನಲ್ಲಿ ಸಿಗುತ್ತದೆ,” ಎಂದನು. ಮೂರು ಹೊಳೆಗಳ ನೀರು ಕುಡಿದು ಬೆಳೆದ ನಾನೂ ಅದಕ್ಕಿಂತ ಉತ್ತಮವಾದ ಉತ್ತರವನ್ನು ಕೊಡಲಾರದೆ ಹೋದೆ.

ಇದು ಯಾವುದೋ ಒಂದು ಡೇರೆಯ ದೋಷವಲ್ಲ. 2021ರಲ್ಲಿ ಬೆಂಗಳೂರಿನ ಕೆ.ಎಸ್.ಆರ್. ರೈಲು ನಿಲ್ದಾಣದಲ್ಲಿ ಸಿಹಿನೀರಿನ ಸುರಂಗ ಮತ್ಸ್ಯಾಲಯವೊಂದು ತೆರೆದಾಗ ಅದಕ್ಕೆ ಆರಿಸಿಕೊಂಡ ವಿಷಯ ಅಮೆಜಾನ್ ನದಿ. ಕಾವೇರಿಯ ನೀರು ಕುಡಿಯುವ ನಗರದ ನಟ್ಟನಡುವಿನ ನಿಲ್ದಾಣವದು. ಮೈಸೂರಿನ ರೈಲು ಹತ್ತಲು ಬಂದ ಮಗುವಿಗೆ ಹದಿನಾಲ್ಕು ಸಾವಿರ ಕಿಲೋಮೀಟರಿನಾಚೆಯ ನದಿಯನ್ನು ಪರಿಚಯಿಸಿ, ರೈಲು ದಾಟಲಿರುವ ನದಿಯ ವಿಷಯದಲ್ಲಿ ಮೌನವಾಗಿರುವುದನ್ನು ಶಿಕ್ಷಣವೆಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ.

ಈಗ ನಮ್ಮ ಜಿಲ್ಲೆಯ ನೀರಿನ ಕಡೆಗೆ ಬರೋಣ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಇಳಿದು ಗುಂಡ್ಲುಪೇಟೆಯನ್ನು ಹಾದು ನಂಜನಗೂಡಿನಲ್ಲಿ ಕಪಿಲೆಯನ್ನು ಸೇರುವ ಗುಂಡ್ಲು ಹೊಳೆಯನ್ನು ಪುರಾಣ ಹೇಳುವವರು ಕೌಂಡಿನ್ಯ ಎನ್ನುವರು. ಚಾಮರಾಜನಗರದ ಪಕ್ಕದಲ್ಲಿ ಸುವರ್ಣಾವತಿ, ನಮ್ಮ ಹಿರಿಯರ ಮಾತಿನಲ್ಲಿ ಹೊನ್ನುಹೊಳೆ. ಕೊಳ್ಳೇಗಾಲದ ಕಡೆ ಸಾಕ್ಷಾತ್ ಕಾವೇರಿ. ಬಂಡೀಪುರದ ದಕ್ಷಿಣದ ಗಡಿಯಲ್ಲಿ, ಮುದುಮಲೈ ಕಾಡಿಗೂ ನಮಗೂ ನಡುವೆ, ಮೋಯಾರ್. ಇವೆಲ್ಲವೂ ಕೊನೆಗೆ ಕಾವೇರಿಯ ಮಕ್ಕಳೇ.

ಈ ಮೋಯಾರಿನಲ್ಲಿ ಒಂದು ಮೀನಿದೆ. ಇಂಗ್ಲಿಷಿನವರು ಅದನ್ನು ಗೂನುಬೆನ್ನಿನ ಮಹಶೀರ್ ಎಂದು ಕರೆದರು. ಹೊಳೆದಡದ ನಮ್ಮ ಜನ ಮಹಶೀರನ್ನು ಬಿಳಿಮೀನು ಎನ್ನುವರು. ಮೈಸೂರಿನಲ್ಲಿ ಹುಲಿ ಚಿರತೆಗಳ ಚರ್ಮ ತುಂಬುವ ಕೆಲಸಕ್ಕೆ ಜಗತ್ಪ್ರಸಿದ್ಧರಾಗಿದ್ದ ವ್ಯಾನ್ ಇಂಗೆನ್ ಮನೆತನದ ಡಿವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮಹಶೀರಿನ ತೂಕ 120 ಪೌಂಡು, ಅಂದರೆ ಸುಮಾರು 54 ಕಿಲೋ. ನಾನು ಕಂಡ ಏಳನೆಯ ತರಗತಿಯ ಎಷ್ಟೋ ಹುಡುಗರು ಅದಕ್ಕಿಂತ ಹಗುರವಾಗಿದ್ದರು! ಅಂತಹ ಮೀನು ಲೋಕದಲ್ಲಿ ಬೇರೆಲ್ಲಿಯೂ ಇಲ್ಲ. ಕಾವೇರಿ ಮತ್ತು ಅದರ ಉಪನದಿಗಳಿಗೆ ಮಾತ್ರ ಸೇರಿದ್ದು.

ಇಷ್ಟು ದೊಡ್ಡ, ಇಷ್ಟು ಹೆಸರಾದ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ನಿಶ್ಚಯವಾದದ್ದು ಯಾವಾಗ ಗೊತ್ತೇ? 2018ರಲ್ಲಿ. ಕೇರಳದ ಪಾಂಬಾರ್ ಹೊಳೆಯ ಮರಿಮೀನುಗಳನ್ನು ನೋಡಿ ವಿವರಿಸಿದ್ದ ಟಾರ್ ರೆಮಾದೇವಿ ಎಂಬ ಪ್ರಭೇದವೂ ಈ ಗೂನುಬೆನ್ನಿನ ಮಹಶೀರೂ ಒಂದೇ ಎಂದು ವಿಜ್ಞಾನಿಗಳು ಆ ವರ್ಷ ತೋರಿಸಿಕೊಟ್ಟರು. ಅದಕ್ಕೆ ಮೀನುಗಳು ದೊರೆತದ್ದು ನಮ್ಮ ಮೋಯಾರಿನಲ್ಲಿ. ಆ ಹೆಸರು ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣೆಯ ವಿಜ್ಞಾನಿ ರೆಮಾ ದೇವಿಯವರ ಗೌರವಾರ್ಥ ಇಟ್ಟದ್ದು. ಅದೇ 2018ರಲ್ಲಿ ಅಂತರರಾಷ್ಟ್ರೀಯ ಕೆಂಪುಪಟ್ಟಿಯು ಇದನ್ನು ಅಳಿವಿನ ಅಂಚಿನಲ್ಲಿ ತೀವ್ರ ಅಪಾಯಕ್ಕೀಡಾದ ಪ್ರಭೇದವೆಂದು ಸೇರಿಸಿಕೊಂಡಿತು. ನಾಮಕರಣವೂ ಮರಣಭಯದ ಸುದ್ದಿಯೂ ಒಂದೇ ವರ್ಷ! ಬಂಡೀಪುರದ ಹುಲಿಗೆ ರಕ್ಷಣೆಯ ಯೋಜನೆ ಬಂದದ್ದು 1973ರಲ್ಲಿ. ಅದೇ ಕಾಡಿನ ಅಂಚಿನ ಮೀನಿಗೆ ಹೆಸರು ಸಿಗಲು ಮತ್ತೆ 45 ವರ್ಷ ಬೇಕಾಯಿತು. ಹುಲಿಯನ್ನು ನೋಡಲು ನಸುಕಿನಲ್ಲಿ ಸರದಿಯಲ್ಲಿ ನಿಲ್ಲುವ ಜನರಲ್ಲಿ ಎಷ್ಟು ಮಂದಿಗೆ ಈ ಮೀನಿನ ವಿಷಯ ತಿಳಿದಿದೆ?

ಈ ಮೀನು ಏಕೆ ಕ್ಷೀಣಿಸಿತು? ಅಣೆಕಟ್ಟುಗಳು, ಮರಳು ತೆಗೆಯುವಿಕೆ, ಸಿಡಿಮದ್ದಿನ ಮೀನುಗಾರಿಕೆ, ಬೇಸಿಗೆಯಲ್ಲಿ ಸೊರಗುವ ಹರಿವು, ಇವೆಲ್ಲ ನಿಮಗೆ ಗೊತ್ತಿರುವ ಕಾರಣಗಳು. ಗೊತ್ತಿಲ್ಲದ ಇನ್ನೊಂದು ಕಾರಣವಿದೆ, ನನ್ನ ವಾದಕ್ಕೆ ಮುಖ್ಯವಾದುದು ಅದೇ. 1970ರ ದಶಕದಿಂದ ಮಹಾರಾಷ್ಟ್ರದ ಲೋಣಾವಳದ ಮರಿಪಾಲನಾ ಕೇಂದ್ರದಲ್ಲಿ ಬೆಳೆಸಿದ ಬೇರೊಂದು ಜಾತಿಯ ಮಹಶೀರ್, ನೀಲಿ ರೆಕ್ಕೆಯದು, ಕಾವೇರಿಗೂ ಬಂತು. ಕೆಟ್ಟ ಉದ್ದೇಶದಿಂದಲ್ಲ, ಮಹಶೀರ್ ಸಂತತಿ ಉಳಿಯಲೆಂಬ ಸದುದ್ದೇಶದಿಂದಲೇ. ಅದು ಕೃಷ್ಣಾ ಕಣಿವೆಯ ಮೀನು. ಮಹಶೀರ್ ಎಲ್ಲವೂ ಒಂದೇ ಎಂದು ಭಾವಿಸಿದ್ದರ ಫಲವಾಗಿ ಅದು ಇಲ್ಲಿ ಹಬ್ಬಿತು. ಕಾವೇರಿಯ ಗಾಲಿಬೋರೆಯ ಶಿಬಿರದಲ್ಲಿ ಹಿಡಿದು ಮತ್ತೆ ನೀರಿಗೆ ಬಿಡುತ್ತಿದ್ದ ಗಾಳದವರ 1998ರಿಂದ 2012ರವರೆಗಿನ ದಾಖಲೆಗಳನ್ನು ಪರಿಶೀಲಿಸಿದಾಗ ಹೊರಗಿನ ಮೀನು ಏರುತ್ತಾ ಹೋಗಿ ನಮ್ಮ ಗೂನುಬೆನ್ನಿನದು ಕುಸಿದಿರುವುದು ಕಂಡುಬಂತು. ಮೀನನ್ನು ಪ್ರೀತಿಸಿದವರೇ, ಯಾವ ಮೀನು ಯಾರದೆಂದು ತಿಳಿಯದೆ, ನಮ್ಮ ಮೀನಿನ ಅವನತಿಗೆ ಒಂದು ಕೈ ಸೇರಿಸಿದಂತಾಯಿತು.

ಅಜ್ಞಾನದಿಂದ ಕೂಡಿದ ಪ್ರೀತಿ ಎಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠವಿಲ್ಲ. ಸುರಂಗ ಮತ್ಸ್ಯಾಲಯಗಳು ಬೆಳೆಸುವುದು ಇಂತಹ ಪ್ರೀತಿಯನ್ನೇ: ಮೀನೆಂದರೆ ಬಣ್ಣ, ಗಾತ್ರ, ಹಲ್ಲು, ಅದಕ್ಕೆ ಊರಿಲ್ಲ, ಹೊಳೆಯಿಲ್ಲ. ಅಂತಹ ಪ್ರೀತಿಯಿಂದ ಕೊಂಡ ಮರಿ ದೊಡ್ಡದಾಗಿ ತೊಟ್ಟಿಗೆ ಹಿಡಿಸದಾದಾಗ ಸಮೀಪದ ಕೆರೆಗೆ ಬೀಳುತ್ತದೆ. 2023ರಲ್ಲಿ ಕಾಶ್ಮೀರದ ದಾಲ್ ಸರೋವರದಲ್ಲಿ ಅಲಿಗೇಟರ್ ಗಾರ್ ಸಿಕ್ಕಿತು. ಅಮೆರಿಕದ ಮೀನು ತಾನಾಗಿ ಹಿಮಾಲಯದ ತಪ್ಪಲಿಗೆ ಈಜಿ ಬಂದೀತೇ? 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾ, ನಮ್ಮ ಕಡೆಯ ಜಿಲೇಬಿ ಮೀನು, ಇಂದು ಯಾವ ಕೆರೆಯಲ್ಲಿ ಇಲ್ಲ? ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದ ಆಫ್ರಿಕನ್ ಕ್ಯಾಟ್‌ಫಿಶ್‌ನ ಕತೆಯೂ ನಿಮಗೆ ತಿಳಿದದ್ದೇ.

ಇಷ್ಟೆಲ್ಲ ಬೈದ ಮೇಲೆ ನನ್ನ ತಪ್ಪನ್ನು ಒಪ್ಪಿಕೊಳ್ಳುವ ಸಮಯ ಬಂತು.

ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ನನ್ನ ತರಗತಿಯಲ್ಲಿ ಕೊಳ್ಳೇಗಾಲದ ಹೊಳೆದಡದಿಂದ ಬಂದು ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ ಹುಡುಗನೊಬ್ಬನಿದ್ದ. ಮನೆತನದ ಕಸುಬು ಬಲೆ ಬೀಸುವುದು. ವಿಜ್ಞಾನದ ಪರೀಕ್ಷೆಯಲ್ಲಿ ಐದು ಜಲಚರಗಳನ್ನು ಹೆಸರಿಸಿರೆಂದು ಕೇಳಿದ್ದೆ. ತರಗತಿಯ ಬಹುಪಾಲು ಮಕ್ಕಳು, ಕಡಲನ್ನು ಜನ್ಮದಲ್ಲಿ ಕಾಣದವರು, ತಿಮಿಂಗಿಲ, ಶಾರ್ಕ್, ಡಾಲ್ಫಿನ್, ಆಕ್ಟೋಪಸ್, ನಕ್ಷತ್ರಮೀನು ಎಂದು ಬರೆದು ಐದಕ್ಕೆ ಐದು ಅಂಕ ಪಡೆದರು. ಆ ಹುಡುಗ ಬರೆದದ್ದು ಬಿಳಿಮೀನು, ಕೊರವ, ಬಾಳೆಮೀನು, ಗಿರ್ಲು, ಹಾವುಮೀನು. ನಾನು ಕೆಂಪು ಶಾಯಿಯಲ್ಲಿ “ಗ್ರಾಮ್ಯ ಪದಗಳು, ಪುಸ್ತಕದಲ್ಲಿರುವುದನ್ನು ಬರೆ” ಎಂದು ಬರೆದು ಸೊನ್ನೆ ಹಾಕಿದೆ. ಅವನು ವಾದಿಸಲಿಲ್ಲ. ಉತ್ತರಪತ್ರಿಕೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡನು. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಬಡತನವೇ ಕಾರಣವಿರಬಹುದು, ನನ್ನ ಸೊನ್ನೆಯೊಂದೇ ಅಲ್ಲವೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೇನೆ, ಸಮಾಧಾನವಾಗಿಲ್ಲ.

ನೋಡಿ, ಆ ಐದು ಅಂಕದ ಉತ್ತರವೇ ಇಂದು ಗಾಜು, ಸಿಮೆಂಟುಗಳಲ್ಲಿ ಎದ್ದು ನಿಂತಿರುವ ಸುರಂಗ ಮತ್ಸ್ಯಾಲಯ. ಶಾರ್ಕ್ ಅಂದರೆ ವಿದ್ಯೆ, ಗಿರ್ಲು ಅಂದರೆ ಗ್ರಾಮ್ಯ ಎಂದು ಮಕ್ಕಳಿಗೆ ಕಲಿಸಿದವರು ನಾವು ಮೇಷ್ಟ್ರುಗಳು. ದೂರವಾಣಿ ಮಾಡಿದ ನನ್ನ ಶಿಷ್ಯನೂ ಅದೇ ಪರೀಕ್ಷೆಯಲ್ಲಿ ಐದು ಅಂಕ ಪಡೆದವರಲ್ಲಿ ಒಬ್ಬನು. ಅವನು ಈಗ ಶಾರ್ಕ್ ಕೇಳಿದರೆ ಅವನನ್ನು ಹೇಗೆ ಬೈಯಲಿ?

ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ಜಾಣರಾಗಿದ್ದರು. ಶೃಂಗೇರಿಯ ತುಂಗೆಯ ಸೋಪಾನದಲ್ಲಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಾವೇರಿಯಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಹೊಳೆಯಲ್ಲಿ ದೇವರ ಮೀನುಗಳಿವೆ. ಗಾಜಿಲ್ಲ, ಟಿಕೆಟ್ಟಿಲ್ಲ. ಹೊಳೆಯ ಮೀನನ್ನು ಹೊಳೆಯಲ್ಲೇ ನೋಡು, ಮುಟ್ಟಬೇಡ ಎಂಬ ಒಂದೇ ನಿಯಮ. 1996ರಲ್ಲಿ ಶಿಶಿಲದ ಹೊಳೆಗೆ ವಿಷ ಬಿದ್ದು ಸಾವಿರಾರು ಮೀನುಗಳು ಸತ್ತಾಗ ಜನರು ಅವುಗಳಿಗೆ ಸ್ಮಾರಕವನ್ನೇ ನಿಲ್ಲಿಸಿದರು. ಗುಜರಾತಿನ ಕಡಲತೀರದಲ್ಲಿ ಎಣ್ಣೆಗಾಗಿ ಕೊಲ್ಲುತ್ತಿದ್ದ ತಿಮಿಂಗಿಲ ಶಾರ್ಕನ್ನು 2001ರಲ್ಲಿ ಕಾನೂನು ರಕ್ಷಿಸಿತಾದರೂ, ಮೀನುಗಾರರ ಮನಸ್ಸು ತಿರುಗಿದ್ದು 2004ರ ಬಳಿಕ, ಅದು ಹೆರಿಗೆಗೆ ತವರಿಗೆ ಬರುವ ಮಗಳಂತೆ ಎಂದು ಮೊರಾರಿ ಬಾಪು ಹೇಳಿದಾಗ. ತೊಟ್ಟಿಯಲ್ಲಿ ಇಡದೆಯೇ ಒಂದು ಮೀನನ್ನು ಒಂದು ನಾಡು ಹೀಗೆ ತನ್ನದೆಂದು ಒಪ್ಪಿಕೊಂಡಿತು.

“ಅದೆಲ್ಲ ಸರಿ ಮೇಷ್ಟ್ರೇ, ಬೂದುಬಣ್ಣದ ಹೊಳೆಮೀನು ನೋಡಲು ಯಾರು ದುಡ್ಡು ಕೊಡುತ್ತಾರೆ?” ಎಂದು ನೀವು ಕೇಳುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಕ್ಯಾಲಿಫೋರ್ನಿಯಾದ ಮಾಂಟರೇ ಎಂಬ ಊರಿನಲ್ಲಿ, ಮುಚ್ಚಿಹೋದ ಮೀನು ಡಬ್ಬಿಯ ಕಾರ್ಖಾನೆಯ ಜಾಗದಲ್ಲಿ, 1984ರಲ್ಲಿ ಒಂದು ಮತ್ಸ್ಯಾಲಯ ತೆರೆಯಿತು. ಅಲ್ಲಿ ಮುಖ್ಯವಾಗಿ ತೋರಿಸಿದ್ದು ಬಾಗಿಲೆದುರಿನ ಕೊಲ್ಲಿಯ ಜೀವಿಗಳನ್ನೇ. ಮೂರು ಅಂತಸ್ತಿನಷ್ಟು ಎತ್ತರದ ತೊಟ್ಟಿಯಲ್ಲಿ ಬೆಳೆಸಿದ್ದು ಅದೇ ಕಡಲಿನ ಪಾಚಿಯ ಕಾಡನ್ನು. ಜಗತ್ತಿನ ಮೂಲೆಮೂಲೆಯಿಂದ ಜನ ಅದನ್ನು ನೋಡಲು ಹೋಗುವರು. ಬಣ್ಣದ ಮಾತೇ? ಕೇರಳದ ಮತ್ತು ನಮ್ಮ ದಕ್ಷಿಣದ ಹೊಳೆಗಳ ಕೆಂಪುಪಟ್ಟೆಯ ಡೆನಿಸನ್ ಮೀನನ್ನು, ಮಿಸ್ ಕೇರಳ ಎಂದು ಹೆಸರಾದುದನ್ನು, ಪರದೇಶದವರು ಬೆಲೆ ಕೊಟ್ಟು ತರಿಸಿಕೊಳ್ಳುವರು. 1849ರಲ್ಲಿ ಜೆರ್ಡನ್ ಎಂಬ ವೈದ್ಯನು ವಿವರಿಸಿದ ಕಾವೇರಿಯ ಅರುಲಿಯಸ್ ಮೀನಿನ ಗಂಡು ಬೆಳೆದಾಗ ಬೆನ್ನುರೆಕ್ಕೆಯ ಎಳೆಗಳು ಬಾಲದತ್ತ ಚಾಚಿಕೊಳ್ಳುತ್ತವೆ. ಅಂದದ ಕೊರತೆ ನಮ್ಮ ಮೀನಿಗಿಲ್ಲ.

ಆದ್ದರಿಂದ ಮನವಿಯನ್ನು ತಿದ್ದಿ ಬರೆಯಿರಿ. ನನ್ನ ಷರತ್ತುಗಳಿವು.

ಮೊದಲನೆಯದು, ಒಳಗೆ ಕಾಲಿಟ್ಟೊಡನೆ ಕಾಣುವ ತೊಟ್ಟಿಗಳಲ್ಲಿ ಸುವರ್ಣಾವತಿ, ಗುಂಡ್ಲು, ಕಬಿನಿ, ಕಾವೇರಿಗಳ ಸಾಮಾನ್ಯ ಮೀನುಗಳಿರಲಿ. ಆಮೇಲೆ ನಮ್ಮ ಕೆರೆಗಳದು. ನಮ್ಮ ರಾಜ್ಯದ ಮೀನೆಂದು ಆಯ್ಕೆಯಾಗಿರುವ ಕರ್ನಾಟಿಕ್ ಕಾರ್ಪ್ ಎಂಬ ಗೆಂಡೆ ಕಾವೇರಿಯದೇ. ಅದಕ್ಕೆ ಒಂದು ತೊಟ್ಟಿ. ಕಡಲನ್ನು ತೋರಿಸಲೇಬೇಕೆಂದರೆ ಕೊನೆಯ ಕೋಣೆಯಲ್ಲಿ ಕಾರವಾರದಿಂದ ಮಂಗಳೂರಿನವರೆಗಿನ ನಮ್ಮದೇ ಕರಾವಳಿಯನ್ನೂ ನೇತ್ರಾಣಿ ದ್ವೀಪದ ಹವಳವನ್ನೂ ಚಿತ್ರಗಳಲ್ಲಿ ತೋರಿಸಿ. ಉಪ್ಪುನೀರನ್ನು ಬೆಟ್ಟದ ಸೀಮೆಯಲ್ಲಿ ಹದವಾಗಿಡುವ ಖರ್ಚು ನಮಗೆ ಬೇಡ.

ಎರಡನೆಯದು, ಗೂನುಬೆನ್ನಿನ ಮಹಶೀರನ್ನು ಹಿಡಿದು ತರಕೂಡದು. ಅಳಿಯುತ್ತಿರುವ, ಹರಿವ ನೀರಿನಲ್ಲೇ ಬಾಳುವ ಮೀನಿಗೆ ಗಾಜಿನ ತೊಟ್ಟಿ ಸೆರೆಮನೆ. 1946ರ ಮೀನಿನ ಗಾತ್ರದ ಪ್ರತಿಕೃತಿಯನ್ನು ಮಾಡಿಸಿ, ಮಗು ಅದರ ಪಕ್ಕ ನಿಂತು ತನ್ನನ್ನು ಅಳೆದುಕೊಳ್ಳಲಿ. “ಇದು ಇಲ್ಲಿಲ್ಲ. ಮೋಯಾರಿನಲ್ಲಿದೆ. ಅಲ್ಲಿಯೇ ಇರಬೇಕು,” ಎಂದು ಕೆಳಗೆ ಬರೆಯಿಸಿ.

ಮೂರನೆಯದು, ಫಲಕಗಳಲ್ಲಿ ಹೊಳೆದಡದವರು ಕರೆಯುವ ಹೆಸರೇ ಮೊದಲು ಬರಲಿ. ಜೊತೆಗೆ ಆ ಮೀನಿನ ಆಹಾರ, ಅದು ಮೊಟ್ಟೆಯಿಡುವ ಜಾಗ, ಅದಕ್ಕಿರುವ ಅಪಾಯ.

ನಾಲ್ಕನೆಯದು, ಶೋಧಕ ಯಂತ್ರದ ಕೋಣೆಯನ್ನು ಮುಚ್ಚಿಡಬೇಡಿ. ಮೀನಿನ ಕಶ್ಮಲದಿಂದ ಹುಟ್ಟುವ ಅಮೋನಿಯಾ ವಿಷ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ನೆಲೆಗೊಳ್ಳಲು ವಾರಗಳೇ ಬೇಕು. ಇದೇ ಕೆಲಸವನ್ನು ಹೊಳೆಯ ಮರಳೂ ಕಲ್ಲೂ ಹರಿವೂ ಬಿಟ್ಟಿಯಾಗಿ ಮಾಡುತ್ತವೆ ಎಂದು ತಿಳಿದ ಮಗು ಮುಂದೆ ಮರಳಿನ ಲಾರಿಯನ್ನು ಬೇರೆಯೇ ಕಣ್ಣಿನಿಂದ ನೋಡೀತು.

ಐದನೆಯದು, ಬಾಗಿಲಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಬಣ್ಣದ ಮೀನು ಮಾರುವ ಅಂಗಡಿ ಕೂಡದು.

ಆರನೆಯದು, ಮೀನುಗಳನ್ನು ಪರಿಚಯಿಸುವ ಕೆಲಸಕ್ಕೆ ಬಲೆ ಬೀಸಿ ಬದುಕಿದ ಮನೆತನಗಳವರನ್ನು ಸಂಬಳ ಕೊಟ್ಟು ನೇಮಿಸಿ. ಪದವಿ ಕೇಳಬೇಡಿ. ಅವರಿಗೆ ಮೇಷ್ಟ್ರು ಎಂಬ ಗೌರವ ಸಲ್ಲಲಿ.

ಈ ಆರೂ ಇದ್ದರೆ ಮೊದಲ ಸಹಿ ನನ್ನದು. ನನ್ನ ಪಿಂಚಣಿಯಲ್ಲಿ ಒಂದು ತಿಂಗಳಿನದೂ ನಿಮ್ಮದು. ಇಲ್ಲದಿದ್ದರೆ ಸಹಿಯನ್ನು ಬೇರೆಯವರಲ್ಲಿ ಕೇಳಿರಿ, ನನಗೆ ಬೇಸರವಿಲ್ಲ.

ಕೊನೆಯದಾಗಿ ನಿಮ್ಮೆಲ್ಲರಲ್ಲಿ ಒಂದು ಕೋರಿಕೆ. ಕೊಳ್ಳೇಗಾಲದ ಕಡೆಯ ಆ ಹುಡುಗ ನಿಮ್ಮ ಓರಗೆಯವನು. ಈಗ ಅವನಿಗೂ ಐವತ್ತು ದಾಟಿರಬೇಕು. ಯಾರಿಗಾದರೂ ಅವನ ಸುಳಿವಿದ್ದರೆ ದಯವಿಟ್ಟು ತಿಳಿಸಿ. ನಾನೇ ಹೋಗಿ ಕಾಣುತ್ತೇನೆ. ಐದಕ್ಕೆ ಐದು ಅಂಕ ನನ್ನ ಬಳಿ ಬಾಕಿ ಉಳಿದಿದೆ.

ನಿಮ್ಮ ಹಿತವನ್ನು ಬಯಸುವ,
ನಿಮ್ಮ ಮೇಷ್ಟ್ರು